'ದೌಲತ್' ಅಂದರೆ ಪ್ರಭುತ್ವವೋ ಸರ್ಕಾರವೋ? ಅರಬಿ, ಫಾರಸಿ, ಪಶ್ತೋ ಸುದ್ದಿಗಳನ್ನು ಕನ್ನಡಕ್ಕೆ ತರುವಾಗಿನ ಗೊಂದಲ

ರಾತ್ರಿಪಾಳಿ:

ಪಶ್ಚಿಮ ಏಷ್ಯಾದ ಸುದ್ದಿಗಳನ್ನು ಇಂಗ್ಲಿಷಿನ ಹಂಗಿಲ್ಲದೆ ನೇರವಾಗಿ ಕನ್ನಡಕ್ಕೆ ತರುವವರಿಗೆ ಈ ಪ್ರಶ್ನೆ. ನನಗೆ ಅರಬಿ ಲಿಪಿ ಓದಲು ಬರುತ್ತದೆ, ಉರ್ದು ಗೊತ್ತು. ಫಾರಸಿಗೆ ನಿಘಂಟು ಪಕ್ಕದಲ್ಲಿರಬೇಕು.

ದಾಲ್, ವಾವ್, ಲಾಮ್, ತೇ. ಈ ನಾಲ್ಕಕ್ಷರದ ಪದ ಅರಬಿ ವರದಿಯಲ್ಲಿ 'ರಯೀಸುದ್ದೌಲ' ಎಂದು ಬರುತ್ತದೆ, ಟೆಹರಾನಿನ ವರದಿಯಲ್ಲಿ 'ರಯೀಸೆ ದೌಲತ್' ಎಂದು. ಕಾಬೂಲಿನ ವರದಿಗಳಲ್ಲಿ 'ದೌಲತ್', 'ಹುಕೂಮತ್' ಎರಡೂ ಒಂದೇ ಪ್ಯಾರಾದಲ್ಲಿ ಇರುತ್ತವೆ. ಯಂತ್ರಾನುವಾದಕ್ಕೆ ಹಾಕಿದರೆ ಒಮ್ಮೆ ರಾಷ್ಟ್ರ, ಒಮ್ಮೆ ಸರ್ಕಾರ, ಒಮ್ಮೆ ರಾಜ್ಯ ಎನ್ನುತ್ತದೆ. ಅದರಲ್ಲೂ 'ರಾಜ್ಯ' ಎಂದರೆ ನಮ್ಮ ಓದುಗರಿಗೆ ಕರ್ನಾಟಕ, ಕೇರಳ ನೆನಪಾಗುತ್ತವೆ.

ಯಾವ ಗುರುತು ಹಿಡಿದು ತೀರ್ಮಾನಿಸುವುದು? ಇಂಥ ಬೇರೆ ಪದಗಳು ಯಾವುವು? ಉದಾಹರಣೆಯೊಂದಿಗೆ ಹೇಳಿದರೆ ಉಪಕಾರ.

---

ದಫ್ತರದಾರ:

ಮೊದಲು ಒಂದು ಮಾತು. ಇಲ್ಲಿ ಜಾಗ ಬದಲಿಸಿರುವುದು ಒಂದು ಪದವಲ್ಲ, ಒಂದು ಜೋಡಿ. 'ದೌಲತ್' ಮಾತ್ರ ಕಲಿತರೆ ನಾಳೆ 'ಹುಕೂಮತ್' ಕೈಕೊಡುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಿರಿ.

ಅರಬಿಯಲ್ಲಿ ದೌಲ ಎಂದರೆ ಪ್ರಭುತ್ವ, ರಾಷ್ಟ್ರ. ಹುಕೂಮ ಎಂದರೆ ಈಗ ಅಧಿಕಾರದಲ್ಲಿರುವ ಸರ್ಕಾರ, ಸಚಿವ ಸಂಪುಟ. ಕತಾರಿನ ಅಧಿಕೃತ ಹೆಸರು 'ದೌಲತ್ ಕತರ್', ಕುವೈತಿನದು 'ದೌಲತುಲ್ ಕುವೈತ್'. ಸಂಪುಟ ಬಿದ್ದರೆ ಬೀಳುವುದು ಹುಕೂಮ, ದೌಲ ಹಾಗೇ ಉಳಿಯುತ್ತದೆ.

ಇರಾನಿನಲ್ಲಿ ದಿನಬಳಕೆಯಲ್ಲಿ ಇದು ತಿರುಗುಮುರುಗು. ದೌಲತ್ ಎಂದರೆ ಅಧ್ಯಕ್ಷರೂ ಅವರ ಮಂತ್ರಿಗಳೂ. 'ಹೈಅತೆ ದೌಲತ್' ಎಂದರೆ ಸಚಿವ ಸಂಪುಟ, 'ಸೊಖನ್‌ಗೂಯೆ ದೌಲತ್' ಎಂದರೆ ಸರ್ಕಾರದ ವಕ್ತಾರ. ಪದದ ಮುಂದೆ ವ್ಯಕ್ತಿಯ ಹೆಸರಿದ್ದರೆ ಯೋಚಿಸುವ ಅಗತ್ಯವೇ ಇಲ್ಲ: 'ದೌಲತೆ ರೂಹಾನಿ' ಎಂದರೆ 2013ರಿಂದ 2021ರವರೆಗಿನ ಅಧ್ಯಕ್ಷ ರೂಹಾನಿ ಸರ್ಕಾರ. ಹೊಕೂಮತ್ ಅಂದರೆ ಅದಕ್ಕಿಂತ ಮೇಲಿನ ಆಳ್ವಿಕೆಯ ವ್ಯವಸ್ಥೆ. ಹಾಗಾಗಿ ಟೆಹರಾನಿನಲ್ಲಿ ದೌಲತ್ ವಿರುದ್ಧ ಮಾತಾಡುವುದು ಬೇರೆ, ಹೊಕೂಮತ್ ವಿರುದ್ಧ ಮಾತಾಡುವುದು ಬೇರೆ. ಎರಡನ್ನೂ 'ಸರ್ಕಾರ' ಎಂದು ಬರೆದುಬಿಟ್ಟರೆ ಸುದ್ದಿಯ ತೂಕವೇ ಹೋಗುತ್ತದೆ.

'ರಯೀಸೆ ದೌಲತ್' ಎಂಬುದನ್ನು ಸರ್ಕಾರದ ಮುಖ್ಯಸ್ಥ ಎಂದೇ ಬರೆಯಬೇಕು. ಇರಾನಿನ ಸಂವಿಧಾನದ 113ನೇ ವಿಧಿಯಂತೆ ಅಧ್ಯಕ್ಷರದು ಸರ್ವೋಚ್ಚ ನಾಯಕರ ನಂತರದ ಸ್ಥಾನ. 1989ರಲ್ಲಿ ಪ್ರಧಾನಿ ಹುದ್ದೆ ರದ್ದಾದ ಮೇಲೆ ಸಂಪುಟ ನಡೆಸುವ ಹೊಣೆ ಅಧ್ಯಕ್ಷರಿಗೆ ಬಂತು. ಅದಕ್ಕೂ ಹಿಂದಿನ ಕಾಲದ ಬರಹವಾದರೆ ದೌಲತ್ ನಡೆಸುತ್ತಿದ್ದವರು ಪ್ರಧಾನಿ.

ಕಾಬೂಲಿಗೆ ಬಂದರೆ ಮತ್ತೆ ಅರಬಿಯ ಲೆಕ್ಕವೇ. ದರಿ (ಅಫ್ಗಾನಿಸ್ತಾನದ ಫಾರಸಿ), ಪಶ್ತೋ ಎರಡರಲ್ಲೂ ಹುಕೂಮತ್ ಎಂದರೆ ಸರ್ಕಾರ, ದೌಲತ್ ಎಂದರೆ ಪ್ರಭುತ್ವ. 2014ರಲ್ಲಿ ಅಫ್ಗಾನ್ ನಾಯಕರಾದ ಘನಿ, ಅಬ್ದುಲ್ಲಾ ಸೇರಿ ಮಾಡಿಕೊಂಡದ್ದು 'ಹುಕೂಮತೆ ವಹ್ದತೆ ಮಿಲ್ಲಿ', ರಾಷ್ಟ್ರೀಯ ಏಕತಾ ಸರ್ಕಾರ. ತಜಿಕಿಸ್ತಾನದಲ್ಲೂ ಇದೇ ಅರ್ಥ, ಆದರೆ ಅಲ್ಲಿ ಬರೆಯುವುದು ಸಿರಿಲಿಕ್ ಲಿಪಿಯಲ್ಲಿ. ಎಂದರೆ ದರಿ ಮತ್ತು ಇರಾನಿ ಫಾರಸಿ ಒಂದೇ ಭಾಷೆಯ ಎರಡು ರೂಪಗಳಾದರೂ ಈ ಪದದ ವಿಷಯದಲ್ಲಿ ಕಾಬೂಲ್ ಬಾಗ್ದಾದಿನ ಕಡೆ ಇದೆ. ಭಾಷೆ ಯಾವುದೆಂದು ತಿಳಿದರೆ ಸಾಲದು, ವರದಿ ಯಾವ ಊರಿನದು ಎಂಬುದೂ ಬೇಕು.

ಅರಬಿಯಲ್ಲಿ ಇನ್ನೊಂದು ಗುಂಡಿಯಿದೆ. ಲೆಬನಾನ್, ಜೋರ್ಡಾನ್‌ಗಳಲ್ಲಿ ಪ್ರಧಾನಿಯನ್ನು 'ದೌಲತುರ್ರಯೀಸ್' ಎಂದು ಸಂಬೋಧಿಸುತ್ತಾರೆ. ಅದು ಗೌರವಸೂಚಕ ಅಷ್ಟೆ. ಕನ್ನಡಕ್ಕೆ 'ಮಾನ್ಯ ಪ್ರಧಾನಿಗಳು' ಎಂದರೆ ಮುಗಿಯಿತು, ರಾಷ್ಟ್ರವೂ ಬೇಡ ಸರ್ಕಾರವೂ ಬೇಡ.

ವಿಶೇಷಣ ಮಾಡಿದಾಗ ಇನ್ನೂ ಕಷ್ಟ. ಫಾರಸಿಯ 'ದೌಲತಿ' ನಮ್ಮ 'ಸರ್ಕಾರಿ': ಸರ್ಕಾರಿ ಬ್ಯಾಂಕು, ಸರ್ಕಾರಿ ಶಾಲೆ. ಅರಬಿಯ 'ದುವಲಿ' ಎಂದರೆ ಅಂತರರಾಷ್ಟ್ರೀಯ. ವಿಮಾನ ನಿಲ್ದಾಣಗಳ ಹೆಸರಿನ ಕೊನೆಗೆ ಕಾಣುವ 'ಅದ್ದುವಲಿ' ಇದೇ. ಫಾರಸಿಯಲ್ಲಿ ಅಂತರರಾಷ್ಟ್ರೀಯಕ್ಕೆ 'ಬೈನಲ್ ಮೆಲಲಿ' ಎಂಬ ಬೇರೆಯೇ ಪದ. ಅದೂ ಅರಬಿ ಧಾತುಗಳಿಂದಲೇ ಕಟ್ಟಿದ್ದು, ಆದರೆ ಅರಬರು ಅದನ್ನು ಬಳಸುವುದಿಲ್ಲ.

ಮೂಲದಲ್ಲಿ ಈ ಧಾತುವಿನ ಅರ್ಥ ಸರದಿ, ಕೈಯಿಂದ ಕೈಗೆ ಹೋಗುವುದು. ಕುರಾನಿನ 59ನೇ ಅಧ್ಯಾಯದ 7ನೇ ವಾಕ್ಯದಲ್ಲಿ ಇದೇ ಅಕ್ಷರಗಳು 'ದೂಲ' ಎಂಬ ಓದಿನಲ್ಲಿ ಬರುತ್ತವೆ: ಸಂಪತ್ತು ನಿಮ್ಮ ಧನಿಕರ ನಡುವೆಯೇ ಸುತ್ತುತ್ತಿರಬಾರದು ಎಂಬಲ್ಲಿ. 750ರಲ್ಲಿ ಅಬ್ಬಾಸಿಗಳು ಅಧಿಕಾರ ಹಿಡಿದಾಗ ಅದು ಅವರ 'ಸರದಿ', ಅವರ ದೌಲ. ಸರದಿ ಎಂಬುದು ಮನೆತನವಾಯಿತು, ಮನೆತನ ಪ್ರಭುತ್ವವಾಯಿತು. ಫಾರಸಿ ಅದರ ಜೊತೆಗೆ ಭಾಗ್ಯ, ಸಿರಿ ಎಂಬ ಅರ್ಥವನ್ನೂ ಬೆಳೆಸಿ ದಖ್ಖನಿಗೆ ಕಳಿಸಿತು. 1784ರ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಕಟ್ಟಿದ ದರಿಯಾ ದೌಲತ್ ಬಾಗ್‌ನಲ್ಲಿ ಇರುವುದು ಆ ಸಿರಿ. 'ಏನವನ ದೌಲತ್ತು!' ಅಂತ ನಾವು ಈಗ ಬೈಯುವುದು ಆ ಸಿರಿಯ ಸೊಕ್ಕನ್ನು. ನಮ್ಮ ಕಿವಿಯ ಅರ್ಥ ಸುದ್ದಿಯ ಅನುವಾದಕ್ಕೆ ಏನೂ ಸಹಾಯ ಮಾಡದು.

---

ನುಖ್ತಾ:

ದಫ್ತರದಾರರು ಊರು ನೋಡಿ ಅಂದರು. ಊರಿನ ಹೆಸರಿಲ್ಲದ ತುಣುಕು ಕೈಗೆ ಬಂದರೆ ಅಕ್ಷರವೇ ಹೇಳುತ್ತದೆ.

ಪದದ ಕೊನೆಯಲ್ಲಿ ಹೇ ಮೇಲೆ ಎರಡು ಚುಕ್ಕೆ (ತಾ ಮರ್ಬೂತ) ಇದ್ದರೆ ಬಹುಪಾಲು ಅರಬಿ. ಪೇ, ಚೇ, ಝೇ, ಗಾಫ್ ಕಂಡರೆ ಅರಬಿ ಅಲ್ಲ. ತೇ, ದಾಲ್, ರೇಗಳಿಗೆ ಪುಟ್ಟ ಉಂಗುರ ತೊಡಿಸಿದ್ದರೆ ಪಶ್ತೋ. ಅದೇ ಧ್ವನಿಗಳಿಗೆ ತಲೆಯ ಮೇಲೆ ಪುಟ್ಟ 'ತೋಯ್' ಇದ್ದರೆ ಉರ್ದು. ಲಾಮ್, ರೇ, ವಾವ್, ಯೇಗಳ ಮೇಲೋ ಕೆಳಗೋ 'ವಿ' ಆಕಾರದ ಗುರುತಿದ್ದರೆ ಸೊರಾನಿ ಕುರ್ದಿಷ್. ಸೊರಾನಿಯಲ್ಲಿ ಸ್ವರಗಳನ್ನೂ ಬಿಡದೆ ಬರೆಯುವುದರಿಂದ ಅರಬಿಯ ನಾಲ್ಕಕ್ಷರದ 'ದೌಲ' ಅಲ್ಲಿ ಆರಕ್ಷರದ 'ದೆವ್ಲೆತ್' ಆಗಿರುತ್ತದೆ. ಅರಬಿ ಕಾಗುಣಿತ ಕೊಟ್ಟು ಹುಡುಕಿದರೆ ಸಿಗುವುದಿಲ್ಲ.

ಹುಡುಕಾಟದ ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಅರಬಿ ಕಾಫ್‌ನ ಯೂನಿಕೋಡ್ ಸಂಖ್ಯೆ 0643, ಫಾರಸಿಯ ಕಾಫ್‌ನದು 06ಎ9. ಪದದ ನಡುವೆ ಬಂದಾಗ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಗಣಕಕ್ಕೆ ಬೇರೆ ಬೇರೆ ಅಕ್ಷರ. ಯೇ ಕಥೆಯೂ ಅದೇ. 'ಹುಕೂಮತ್' ಹುಡುಕಿ ಫಲಿತಾಂಶ ಅರ್ಧಕ್ಕರ್ಧ ಕಡಿಮೆ ಬಂತೆಂದರೆ ಮೊದಲು ಕೀಲಿಮಣೆ ಯಾವುದೆಂದು ನೋಡಿ. ಹಳೆಯ ಫಾರಸಿ ಜಾಲತಾಣಗಳಲ್ಲಿ ಅರಬಿ ಕಾಫ್, ಅರಬಿ ಯೇ ಬಳಸಿ ಬೆರಳಚ್ಚಿಸಿದ ಪುಟಗಳು ಬೇಕಾದಷ್ಟಿವೆ, ಹಾಗಾಗಿ ಎರಡೂ ರೂಪ ಹಾಕಿ ಹುಡುಕುವುದೇ ಕ್ಷೇಮ.

ಯೇ ಕೆಳಗೆ ಚುಕ್ಕೆ ಇಲ್ಲದಿದ್ದರೆ ಫಾರಸಿ ಎಂದು ಕೆಲವರು ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ಈಜಿಪ್ಟಿನವರು ಅರಬಿಯಲ್ಲೂ ಪದದ ಕೊನೆಯ ಯೇಗೆ ಚುಕ್ಕೆ ಇಡದೆ ಬರೆಯುತ್ತಾರೆ.

ಆ ದುಂಡು ತೇ (ತಾ ಮರ್ಬೂತ) ಬಗ್ಗೆಯೂ ಒಂದು ಮಾತು. ಫಾರಸಿಗೆ ಬಂದ ಮೇಲೆ ಅದು ಕೆಲವು ಪದಗಳಲ್ಲಿ ಉದ್ದ ತೇ ಆಯಿತು, ಕೆಲವದರಲ್ಲಿ ಬರೀ ಹೇ. ಕೆಲವು ಪದಗಳು ಎರಡೂ ರೂಪದಲ್ಲಿ ಉಳಿದು ಬೇರೆ ಬೇರೆ ಅರ್ಥ ಪಡೆದವು. ಅರಬಿಯಲ್ಲಿ 'ಇರಾದ' ಒಂದೇ. ಫಾರಸಿಯಲ್ಲಿ 'ಎರಾದೆ' ಎಂದರೆ ಸಂಕಲ್ಪ, 'ಎರಾದತ್' ಎಂದರೆ ಹಿರಿಯರ ಮೇಲಿನ ಭಕ್ತಿ. 'ರೆಸಾಲೆ' ಎಂದರೆ ಪ್ರಬಂಧ, 'ರೆಸಾಲತ್' ಎಂದರೆ ಧ್ಯೇಯ. 'ಮೊಸಾಎದತ್' ನೆರವು, 'ಮೊಸಾಎದೆ' ಸಂಬಳದ ಮುಂಗಡ! ಕೊನೆಯ ಅಕ್ಷರ ನೋಡದೆ ಅರಬಿ ನಿಘಂಟು ತೆಗೆದರೆ ಮೂರೂ ಜೋಡಿ ಕಲಸಿಹೋಗುತ್ತವೆ.

---

ರಾತ್ರಿಪಾಳಿ:

ಇಬ್ಬರಿಗೂ ಧನ್ಯವಾದ. ಜೋಡಿಯಾಗಿ ಕಲಿಯುವ ಮಾತು ಹಿಡಿಸಿತು. ಹಾಗಾದರೆ 'ಕೌಮ್', 'ಮಿಲ್ಲತ್' ಜೋಡಿಯೂ ಹೀಗೆಯೇ? ಅರಬಿಯ 'ಅಲ್ ಅಮ್ನುಲ್ ಕೌಮಿ' ಎಂಬುದಕ್ಕೆ ಒಂದು ಕಡೆ 'ಕೋಮು ಸುರಕ್ಷತೆ' ಎಂಬ ಅನುವಾದ ನೋಡಿ ಗಾಬರಿಯಾಯಿತು.

---

ಹೊನ್ನಾಳಿ ಅನುವಾದಕಿ:

ಅದು ತಪ್ಪು. 'ಅಲ್ ಅಮ್ನುಲ್ ಕೌಮಿ' ಎಂದರೆ ರಾಷ್ಟ್ರೀಯ ಭದ್ರತೆ. ಅನುವಾದಿಸಿದವರಿಗೆ ಕನ್ನಡದ 'ಕೋಮು' ಅಡ್ಡ ಬಂದಿದೆ.

ಎರಡು ಚುಕ್ಕೆಯ ಕಾಫ್ (ق)-ವಾವ್-ಮೀಮ್ ಇರುವ ಈ ಪದ ಅರಬಿಯಲ್ಲಿ ಜನ, ಜನಾಂಗ. ಅದರಿಂದಾದ 'ಕೌಮಿಯ್ಯ' 20ನೇ ಶತಮಾನದಲ್ಲಿ ಅರಬ್ ರಾಷ್ಟ್ರೀಯತೆಯ ಹೆಸರಾಯಿತು. ಇದಕ್ಕೂ 'ವತನಿಯ್ಯ'ಕ್ಕೂ ವ್ಯತ್ಯಾಸವಿದೆ: ಎಲ್ಲ ಅರಬರೂ ಒಂದೇ ಜನ ಎನ್ನುವುದು ಕೌಮಿಯ್ಯ, ಈಜಿಪ್ಟ್ ಅಥವಾ ಇರಾಕ್ ಎಂಬ ಒಂದು ನಾಡಿನ ಮೇಲಿನ ಅಭಿಮಾನ ವತನಿಯ್ಯ. ಈಜಿಪ್ಟಿನ ಅಧ್ಯಕ್ಷ ನಾಸೆರ್ ಕಾಲದ ಭಾಷಣಗಳಲ್ಲಿ ಎರಡನ್ನೂ 'ರಾಷ್ಟ್ರೀಯತೆ' ಎಂದು ಬರೆದರೆ ವಾದವೇ ಅರ್ಥವಾಗುವುದಿಲ್ಲ. ಮೊದಲನೆಯದಕ್ಕೆ 'ಅರಬ್ ರಾಷ್ಟ್ರೀಯತೆ', ಎರಡನೆಯದಕ್ಕೆ 'ದೇಶಾಭಿಮಾನ' ಎಂದು ಬೇರ್ಪಡಿಸುವುದು ಲೇಸು.

ಇರಾನಿನಲ್ಲಿ 'ಕೌಮಿ' ಎಂದರೆ ಜನಾಂಗೀಯ, ಬುಡಕಟ್ಟಿನ: ಕುರ್ದರು, ಬಲೂಚರು, ಅಜರಿಗಳ ವಿಷಯಕ್ಕೆ ಬಳಸುವುದು. ರಾಷ್ಟ್ರೀಯಕ್ಕೆ 'ಮೆಲ್ಲಿ'. ಉರ್ದುವಿನಲ್ಲಿ ಕೌಮಿ ಮತ್ತೆ ರಾಷ್ಟ್ರೀಯ. ಕನ್ನಡದಲ್ಲಿ ಕೋಮು ಎಂದರೆ ಜಾತಿ, ಮತದ ಗುಂಪು; ಕೋಮುವಾದ, ಕೋಮುಗಲಭೆಗಳ ಕೋಮು. ಅರಬರು ಹೆಮ್ಮೆಯಿಂದ ಹೇಳಿಕೊಂಡ ಪದವನ್ನು ನಾವು ಬೈಗುಳಕ್ಕೆ ಇಟ್ಟುಕೊಂಡಿದ್ದೇವೆ. ನಿಮಗೆ ಉರ್ದು ಗೊತ್ತಿರುವುದರಿಂದ ಅರಬಿಯಲ್ಲಿ ಎಡವುವುದಿಲ್ಲ, ಆದರೆ ಫಾರಸಿಯಲ್ಲಿ ಎಡವುತ್ತೀರಿ. 'ಮಸಾಎಲೆ ಕೌಮಿ' ಎಂಬುದನ್ನು 'ರಾಷ್ಟ್ರೀಯ ಸಮಸ್ಯೆಗಳು' ಎಂದು ಬರೆದರೆ ಬಲೂಚಿಸ್ತಾನದ ಸುದ್ದಿ ತಲೆಕೆಳಗಾಗುತ್ತದೆ.

'ಮಿಲ್ಲ' ಅರಬಿಯಲ್ಲಿ ಧರ್ಮ, ಧರ್ಮದ ಸಮುದಾಯ. ಒಟ್ಟೋಮನ್ನರ ಆಳ್ವಿಕೆಯಲ್ಲಿ ಗ್ರೀಕ್ ಕ್ರೈಸ್ತರು, ಅರ್ಮೇನಿಯನ್ನರು, ಯಹೂದಿಗಳು ಒಂದೊಂದು ಮಿಲ್ಲೆತ್. ಇರಾನಿನಲ್ಲಿ ಮೆಲ್ಲತ್ ಎಂದರೆ ರಾಷ್ಟ್ರದ ಜನತೆ. ವಿಶ್ವಸಂಸ್ಥೆಗೆ ಅರಬಿಯಲ್ಲಿ 'ಅಲ್ ಉಮಮುಲ್ ಮುತ್ತಹಿದ', ಫಾರಸಿಯಲ್ಲಿ 'ಸಾಜ್ಮಾನೆ ಮೆಲಲೆ ಮೊತ್ತಹೆದ್'. ಒಂದು ಉಮ್ಮತ್‌ನ ಬಹುವಚನ, ಇನ್ನೊಂದು ಮಿಲ್ಲತ್‌ನದು.

ಅರ್ಜಿ ನಮೂನೆಗಳಲ್ಲಿ ಇದರ ಮರಿಯೊಂದಿದೆ. ಅರಬಿ ನಮೂನೆಯಲ್ಲಿ 'ಜಿನ್ಸಿಯ್ಯ' ಎದುರು ಬರೆಯಬೇಕಾದದ್ದು ಯಾವ ದೇಶದ ಪ್ರಜೆ ಎಂದು. ಫಾರಸಿ ನಮೂನೆಯಲ್ಲಿ 'ಜೆನ್ಸಿಯತ್' ಎದುರು ಗಂಡೋ ಹೆಣ್ಣೋ. ದೇಶ ಬೇಕಿದ್ದರೆ ಅಲ್ಲಿ 'ಮೆಲ್ಲಿಯತ್' ಎಂದಿರುತ್ತದೆ. ಪಾಸ್‌ಪೋರ್ಟ್, ಮದುವೆ ನೋಂದಣಿಯ ಕಾಗದ ಅನುವಾದಿಸುವವರು ಈ ಒಂದು ಜೋಡಿಯನ್ನು ಗೋಡೆಗೆ ಅಂಟಿಸಿಕೊಳ್ಳಲಿ. (ಅದೇ 'ಜಿನ್ಸ್' ನಮ್ಮಲ್ಲಿ ಅಂಗಡಿಯ ಜಿನಸು.)

'ಜಾಮಿಅ' ಅರಬಿಯಲ್ಲಿ ವಿಶ್ವವಿದ್ಯಾಲಯ. 1920ರಲ್ಲಿ ಶುರುವಾದ ಜಾಮಿಯಾ ಮಿಲ್ಲಿಯಾ ಹೆಸರಿನಲ್ಲಿರುವುದು ಆ ಅರ್ಥ. ಫಾರಸಿಯಲ್ಲಿ 'ಜಾಮೆಎ' ಎಂದರೆ ಸಮಾಜ. ಸಮಾಜಕ್ಕೆ ಅರಬಿಯಲ್ಲಿ 'ಮುಜ್ತಮಅ', ಅದು ಫಾರಸಿಗೆ ಹೋಗಿ 'ಮೊಜ್ತಮಎ' ಆದಾಗ ವಸತಿ ಅಥವಾ ವಾಣಿಜ್ಯ ಕಟ್ಟಡಗಳ ಸಮುಚ್ಚಯ. ದಫ್ತರದಾರರು ಹೇಳಿದ ಜೋಡಿ ಲೆಕ್ಕ ಇಲ್ಲೂ ಇದೆ.

---

ಮೂಲಾಕ್ಷರ:

ಯಾರೂ 'ಇನ್‌ಕಿಲಾಬ್' ಮುಟ್ಟಿಲ್ಲವಲ್ಲ. ಎಲ್ಲಕ್ಕಿಂತ ಅಪಾಯದ ಪದ ಅದು.

ಮೆರವಣಿಗೆಗಳಲ್ಲಿ 'ಇಂಕ್ವಿಲಾಬ್ ಜಿಂದಾಬಾದ್' ಕೇಳಿ ಬೆಳೆದ ಕನ್ನಡಿಗರಿಗೆ ಅದು ಕ್ರಾಂತಿ. ಫಾರಸಿಯಲ್ಲೂ ಕ್ರಾಂತಿ. ಅರಬಿಯಲ್ಲಿ ಮಾತ್ರ ರಾಜಕೀಯ ಸುದ್ದಿಯೊಳಗೆ 'ಇನ್‌ಕಿಲಾಬ್' ಎಂದರೆ ಸೇನೆಯೋ ಅರಮನೆಯ ಒಳಗಿನವರೋ ಅಧಿಕಾರ ಕಿತ್ತುಕೊಳ್ಳುವುದು, ಕ್ಷಿಪ್ರಕ್ರಾಂತಿ. ಕ್ರಾಂತಿಗೆ 'ಸೌರ'. ಅರಬಿ ಪತ್ರಿಕೆಗಳು ಇರಾನಿನ 1979ರ ಘಟನೆಯನ್ನು 'ಅಸ್ಸೌರತುಲ್ ಈರಾನಿಯ್ಯ' ಎನ್ನುತ್ತವೆ. ಕ್ಷಿಪ್ರಕ್ರಾಂತಿಗೆ ಇರಾನಿಯರು ಫ್ರೆಂಚಿನಿಂದ 'ಕೂದೆತಾ' ತಂದುಕೊಂಡಿದ್ದಾರೆ. ಪ್ರಧಾನಿ ಮೊಸಾದ್ದೆಕ್ ಸರ್ಕಾರ ಉರುಳಿದ 1953ರ ಆಗಸ್ಟ್ 19 ಅವರಿಗೆ 'ಕೂದೆತಾಯೆ 28 ಮೊರ್ದಾದ್' (ಮೊರ್ದಾದ್ ಇರಾನಿ ಪಂಚಾಂಗದ ತಿಂಗಳು).

ಹಾಗಾಗಿ ಅರಬಿಯಲ್ಲಿ ಯಾವ ಪದ ಆರಿಸಿದರು ಎಂಬುದರಲ್ಲೇ ಬರೆದವರ ಪಕ್ಷ ಗೊತ್ತಾಗುತ್ತದೆ. ಬಾಗ್ದಾದಿನಲ್ಲಿ 1958ರ ಜುಲೈ 14ರಂದು ದೊರೆತನ ಕೊನೆಗಂಡದ್ದನ್ನು ಮೆಚ್ಚುವವರು ಸೌರ ಎನ್ನುತ್ತಾರೆ, ಮೆಚ್ಚದವರು ಇನ್‌ಕಿಲಾಬ್ ಎನ್ನುತ್ತಾರೆ. ಅನುವಾದದಲ್ಲಿ ಎರಡನ್ನೂ ಸಮ ಮಾಡಬೇಡಿ.

ಬಣ್ಣ ಸೇರಿದರೆ ಇನ್ನೂ ಕೆಡುತ್ತದೆ. ಫಾರಸಿಯ 'ಎಂಘೆಲಾಬೆ ಸೆಫೀದ್', ಬಿಳಿ ಕ್ರಾಂತಿ, 1963ರಲ್ಲಿ ಷಾ ಹೊರಡಿಸಿದ ಭೂಸುಧಾರಣೆ ಮುಂತಾದ ಕಾರ್ಯಕ್ರಮ. ಅರಬಿಯಲ್ಲಿ 'ಇನ್‌ಕಿಲಾಬ್ ಅಬ್ಯದ್', ಬಿಳಿ ಇನ್‌ಕಿಲಾಬ್, ಎಂದರೆ ರಕ್ತ ಹರಿಸದೆ ಅಧಿಕಾರ ಕಿತ್ತುಕೊಳ್ಳುವುದು. ಪದಕ್ಕೆ ಪದ ಹೊಂದಿಸಿದರೆ ಎರಡೂ ಒಂದೇ!

ಇನ್ನು ಅಪಘಾತದ ಸುದ್ದಿ. 'ಇನ್‌ಕಿಲಾಬ್ ಸಯ್ಯಾರ' ಎಂದರೆ ಕಾರು ಪಲ್ಟಿ. ಧಾತುವಿನ ಅರ್ಥ ಮಗುಚುವುದು ಎಂದೇ ಇರುವುದರಿಂದ ಅರಬರಿಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಫಾರಸಿಯಲ್ಲಿ ಕಾರು ಮಗುಚಿದರೆ 'ವಾಝ್‌ಗೂನಿ'.

ಅಫ್ಗಾನಿಸ್ತಾನದ್ದು ಓದುವವರಿಗೆ ಒಂದು ಎಚ್ಚರಿಕೆ. 1978ರ ಏಪ್ರಿಲ್ 27ರ ಘಟನೆಯನ್ನು ಪಶ್ತೋದಲ್ಲಿ 'ದ ಸೌರ್ ಇನ್‌ಕಿಲಾಬ್' ಎಂದು ಬರೆಯುತ್ತಾರೆ. ಸೇ-ವಾವ್-ರೇ ಎಂಬ ಆ 'ಸೌರ್' ವೃಷಭ ಮಾಸದ ಹೆಸರು. ಅರಬಿಯ ಸೌರಕ್ಕೂ ಅದಕ್ಕೂ ಒಂದೇ ದುಂಡು ತೇ ವ್ಯತ್ಯಾಸ. 'ಕ್ರಾಂತಿಯ ಕ್ರಾಂತಿ' ಎಂದು ಬರೆದೀರಿ, ಜೋಕೆ.

ಇರಾನಿ ಭಾಷೆಗಳ ನಡುವೆಯೂ ಹೊಂದಾಣಿಕೆ ಇಲ್ಲ. ಕುರ್ದಿಷಿನಲ್ಲಿ 'ಶೋರೆಶ್' ಗೌರವದ ಪದ, ಕ್ರಾಂತಿ. ಫಾರಸಿಯ 'ಶೂರೆಶ್' ದಂಗೆ, ಗಲಭೆ. ಸೊರಾನಿ ಬರಹದಲ್ಲಿ ವಾವ್ ಮೇಲೆ, ರೇ ಕೆಳಗೆ ನುಖ್ತಾ ಅವರು ಹೇಳಿದ 'ವಿ' ಗುರುತುಗಳಿರುತ್ತವೆ. ಅಚ್ಚಿನಲ್ಲಿ ಅವು ಬಿದ್ದುಹೋದರೆ ಎರಡೂ ಒಂದೇ ಪದ.

---

ಹೊನ್ನಾಳಿ ಅನುವಾದಕಿ:

ಸಣ್ಣ ಸೇರ್ಪಡೆ: ಖಗೋಳದ ಬರಹವಾದರೆ ಅರಬಿಯಲ್ಲೂ ಫಾರಸಿಯಲ್ಲೂ 'ಬೇಸಿಗೆಯ ಇನ್‌ಕಿಲಾಬ್' ಎಂದರೆ ಸೂರ್ಯ ಉತ್ತರದ ತುದಿ ಮುಟ್ಟಿ ತಿರುಗುವ ಜೂನ್ ಅಯನ. ಅಲ್ಲಿ ಎರಡೂ ಭಾಷೆಗೆ ಜಗಳವಿಲ್ಲ.

---

ದಫ್ತರದಾರ:

ರಾತ್ರಿಪಾಳಿಯವರ ಮೇಜಿಗೆ ದಿನಾ ಬರುವಂಥವು ಇನ್ನು ಕೆಲವು.

'ಮುಖಾಬರಾತ್' ಅರಬಿಯಲ್ಲಿ ಗುಪ್ತಚರ ಸಂಸ್ಥೆ, ಹೆಸರು ಕೇಳಿದರೇ ಜನ ದನಿ ತಗ್ಗಿಸುತ್ತಾರೆ. ಇರಾನಿನಲ್ಲಿ ಟೆಲಿಫೋನ್ ಇಲಾಖೆ. ಕಾಬೂಲಿನ 'ವಜಾರತೆ ಮುಖಾಬರಾತ್' ಎಂದರೂ ದೂರಸಂಪರ್ಕ ಸಚಿವಾಲಯವೇ. ಇರಾನಿನ ಗುಪ್ತಚರ ಸಚಿವಾಲಯ 'ವೆಜಾರತೆ ಎತ್ತೆಲಾಆತ್'. ಅರಬಿಯಲ್ಲಿ ದೂರಸಂಪರ್ಕಕ್ಕೆ 'ಇತ್ತಿಸಾಲಾತ್'. ಅದೇ ಪದ ಟೆಹರಾನಿನ ಹಾರ್ಡ್‌ವೇರ್ ಅಂಗಡಿಯ ಬೋರ್ಡಿನಲ್ಲಿ 'ಲೂಲೆ ವ ಎತ್ತೆಸಾಲಾತ್' ಎಂದು ಕಾಣುತ್ತದೆ: ಪೈಪು, ಎಲ್ಬೋ, ಟೀ, ಕಪ್ಲಿಂಗ್.

'ಹೊಕೂಮತೆ ನೆಜಾಮಿ' ಫಾರಸಿಯಲ್ಲಿ ಸೇನಾಡಳಿತ, ಮಾರ್ಷಲ್ ಲಾ. 1978ರ ಸೆಪ್ಟೆಂಬರಿನ ಟೆಹರಾನ್ ಸುದ್ದಿಗಳಲ್ಲಿ ಪದೇಪದೇ ಬರುವುದು. ಅರಬಿಯಲ್ಲಿ 'ನಿಜಾಮಿ' ಎಂದರೆ ಕ್ರಮಬದ್ಧ, ಸೇನೆಯದಕ್ಕೆ 'ಅಸ್ಕರಿ'. ಅರಬಿ ಮಾತ್ರ ಬಲ್ಲವರು ಅದನ್ನು ಒಳ್ಳೆಯ ಆಡಳಿತ ಎಂದುಕೊಳ್ಳುವ ಸಾಧ್ಯತೆ ಇದೆ.

'ಕಸೀಫ್': ಅರಬಿ ಹವಾಮಾನ ವರದಿಯಲ್ಲಿ ದಟ್ಟ ಮಂಜು, ದಟ್ಟ ಮೋಡ. ಫಾರಸಿಯಲ್ಲಿ ಕೊಳಕು.

'ಬರ್ಕ್': ಅರಬಿಯಲ್ಲಿ ಮಿಂಚು, ಫಾರಸಿಯಲ್ಲಿ ಕರೆಂಟು. ಕರೆಂಟಿಗೆ ಅರಬಿಯಲ್ಲಿ 'ಕಹ್ರಬಾ', ಅದು ಫಾರಸಿಯಿಂದಲೇ ಹೋದದ್ದು. ಉಜ್ಜಿದರೆ ಹುಲ್ಲನ್ನು ಎಳೆದುಕೊಳ್ಳುವ ಅಂಬರಿಗೆ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟಿಗೆ) 'ಹುಲ್ಲುಗಳ್ಳ' ಎಂಬರ್ಥದ ಹೆಸರು. ಇರಾಕಿನ ಕುರ್ದರು ಅದನ್ನು ಅರಬಿಯಿಂದ ಪಡೆದು 'ಕಾರೆಬಾ' ಎನ್ನುತ್ತಾರೆ. ಇರಾನಿ ಭಾಷೆಯೊಂದರ ಪದ ಅರಬರ ಮನೆ ಸುತ್ತಿ ಇನ್ನೊಂದು ಇರಾನಿ ಭಾಷೆಗೆ ಬಂತು. ಪಶ್ತೋದವರು ತಮ್ಮದೇ 'ಬ್ರೇಖ್ನಾ' ಬಳಸುತ್ತಾರೆ, ಕೆಲವು ಕಡೆ 'ಬ್ರೇಶ್ನಾ' ಎಂದು ಉಚ್ಚಾರ.

ಪುಟ್ಟ ಪದಗಳನ್ನು ಕಡೆಗಣಿಸಬೇಡಿ. ಹೇ-ಮೀಮ್: ಅರಬಿಯಲ್ಲಿ 'ಹುಮ್', ಅವರು, ಫಾರಸಿಯಲ್ಲಿ 'ಹಮ್', ಕೂಡ. ಮೀಮ್-ಅಲಿಫ್: ಅರಬಿಯಲ್ಲಿ ಏನು ಅಥವಾ ಇಲ್ಲ, ಫಾರಸಿಯಲ್ಲಿ ನಾವು. ದಾಲ್-ಮೀಮ್: ಅರಬಿಯಲ್ಲಿ ರಕ್ತ, ಫಾರಸಿಯಲ್ಲಿ ಉಸಿರು, ಓದು ಬದಲಿಸಿದರೆ ಬಾಲ. ಇವು ಒಂದರಿಂದ ಒಂದು ಹುಟ್ಟಿದ ಪದಗಳಲ್ಲ, ಅಕ್ಷರ ಮಾತ್ರ ಒಂದೇ. ನಾಲ್ಕೈದು ಪದಗಳ ಶೀರ್ಷಿಕೆ ಕೊಟ್ಟಾಗ ಯಂತ್ರ ಭಾಷೆಯನ್ನೇ ತಪ್ಪಾಗಿ ಗುರುತಿಸುವುದಕ್ಕೆ ಇವೂ ಕಾರಣ. ಶೀರ್ಷಿಕೆಯ ಜೊತೆ ಮೊದಲ ಪ್ಯಾರಾವನ್ನೂ ಹಾಕಿ, ಭಾಷೆಯನ್ನು ನೀವೇ ಆರಿಸಿ.

ನಿಘಂಟು ತೆಗೆಯುವಾಗಲೂ ಹುಷಾರು. ಸ್ಟೈನ್‌ಗಾಸ್ ಅವರ 1892ರ ಫಾರಸಿ ನಿಘಂಟು ಹಳೆಯ ಕಾವ್ಯ, ದಖ್ಖನಿನ ದಾಖಲೆ ಓದಲು ಬಹಳ ಉಪಯುಕ್ತ. ಆದರೆ ಅದು ಫಾರಸಿ ಪುಸ್ತಕಗಳಲ್ಲಿ ಸಿಗುವ ಅರಬಿ ಪದಗಳಿಗೆ ಅರಬಿ ಅರ್ಥಗಳನ್ನೂ ಸಾಲಾಗಿ ಕೊಟ್ಟುಬಿಡುತ್ತದೆ. ಇವತ್ತಿನ ಟೆಹರಾನಿನ ಸುದ್ದಿಗೆ ಅದರಲ್ಲಿ ಮೊದಲು ಕಂಡ ಅರ್ಥ ಎತ್ತಿಕೊಂಡರೆ ಕೆಟ್ಟಿತು. ಅರಬಿಗೆ ಹಾನ್ಸ್ ವೇರ್ ಅವರ ನಿಘಂಟು ಸಾಕು. ಅದರಲ್ಲಿ ಪದಗಳು ಧಾತುವಿನ ಅಡಿಯಲ್ಲಿ ಇರುವುದರಿಂದ ಇನ್‌ಕಿಲಾಬ್ ಬೇಕಿದ್ದರೆ ಅಲಿಫ್ ಅಲ್ಲ, ಎರಡು ಚುಕ್ಕೆಯ ಕಾಫ್ (ق)-ಲಾಮ್-ಬೇ ತೆಗೆಯಬೇಕು.

---

ರಾತ್ರಿಪಾಳಿ:

'ತಕರಾರು' ಬಗ್ಗೆಯೂ ಕೇಳಬೇಕೆಂದಿದ್ದೆ. ಅರಬಿಯ 'ತಕ್ರಾರ್' ಜಗಳವೇ?

---

ನುಖ್ತಾ:

ಅಲ್ಲ. ಅರಬಿಯಲ್ಲೂ ಫಾರಸಿಯಲ್ಲೂ ಪುನರಾವರ್ತನೆ ಅಷ್ಟೆ. ಹೇಳಿದ್ದನ್ನೇ ಹೇಳುತ್ತಾ ಅದು ಜಗಳವಾದದ್ದು ಉರ್ದುವಿನಲ್ಲಿ, ಆಕ್ಷೇಪಣೆಯಾದದ್ದು ನಮ್ಮ ಕಂದಾಯ ಕಚೇರಿಗಳಲ್ಲಿ. 'ಮೊಕದ್ದಮೆ'ಯೂ ಹಾಗೇ: ಅರಬಿ, ಫಾರಸಿಗಳಲ್ಲಿ ಪುಸ್ತಕದ ಮುನ್ನುಡಿ, ಇಲ್ಲಿ ಕೋರ್ಟು ಕೇಸು. ಫಾರಸಿ ಪುಸ್ತಕದ ಮೊದಲ ಪುಟದಲ್ಲಿ 'ಮೊಕದ್ದಮೆ' ಎಂದು ದಪ್ಪಕ್ಷರದಲ್ಲಿ ಕಂಡರೆ ಲೇಖಕರ ಮೇಲೆ ಯಾರೂ ದಾವೆ ಹೂಡಿಲ್ಲ.